ಗೋಡೆಗೂ ಗುಡ್ಲಿಗೂ ನಡುವೆ

ಬಯಲುಸೀಮೆಯಲ್ಲಿ ಎಂಥ ಚಳಿ ಎನ್ನುವವರು ಪುಷ್ಯ ಮಾಸದ ಒಂದು ರಾತ್ರಿಯನ್ನು ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲ್ ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ಕಳೆದು ನೋಡಬೇಕು. ಗಾಳಿಗೆ ಅಡ್ಡ ನಿಲ್ಲುವುದು ಮೊಣಕಾಲೆತ್ತರದ ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಅಷ್ಟೇ. ಅಂಥದೊಂದು ಸಂಜೆ ಆಶಾ ಕಾರ್ಯಕರ್ತೆಯ ಹಿಂದೆ ನಡೆದು ಒಂದು ಗೊಲ್ಲರಹಟ್ಟಿಯ ಹೊರಗೆ ನಿಂತಿದ್ದೆ. ಹಟ್ಟಿಯ ಮುಳ್ಳುಬೇಲಿಯಿಂದ ನೂರು ಹೆಜ್ಜೆ ಆಚೆ ಗುಡ್ಲು. ನಾಲ್ಕು ಸೀಮೆಜಾಲಿ ಗೂಟ, ಮೇಲೆ ತೆಂಗಿನ ಗರಿ, ಗರಿಯ ಮೇಲೆ ನೀಲಿ ಟಾರ್ಪಾಲು. ಬಗ್ಗಿದರೆ ಮಾತ್ರ ಒಳಗೆ. ಒಳಗೆ ಇಪ್ಪತ್ತು ತುಂಬಿದ ಹುಡುಗಿ, ಅವಳ ಎದೆಯ ಮೇಲೆ ಹನ್ನೊಂದು ದಿನದ ಕೂಸು.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಆರು ಸಲ ಬಾಣಂತಿಯ ಮನೆಗೆ ಹೋಗಬೇಕು: ಮೂರನೇ ದಿನ, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡು. ಹನ್ನೊಂದನೇ ದಿನ ಆ ಪಟ್ಟಿಯಲ್ಲಿಲ್ಲ. ಕೂಸು ಹುಟ್ಟಿದಾಗಲೇ 2 ಕೆ.ಜಿ. 300 ಗ್ರಾಂ ಇದ್ದದ್ದು ಅವಳ ತಲೆಯಲ್ಲಿ ಕೊರೆಯುತ್ತಿತ್ತು, ಅದಕ್ಕೇ ನಡುವೆಯೇ ಹೊರಟಿದ್ದಳು. ಜೋಲಿ ತಕ್ಕಡಿಗೆ ಕೂಸನ್ನು ಹಾಕಿ ಎತ್ತಿದಳು. ಟಾರ್ಚಿನ ಬೆಳಕಲ್ಲಿ ಮುಳ್ಳು 2 ಕೆ.ಜಿ. 150ರ ಹತ್ತಿರ ನಿಂತಿತು. ಹತ್ತು ದಿನ ಕಳೆಯುವಷ್ಟರಲ್ಲಿ ಹುಟ್ಟಿದ ತೂಕಕ್ಕೆ ಮರಳಬೇಕಾದ ಕೂಸು ಇನ್ನೂ ಇಳಿಯುತ್ತಿತ್ತು. ಥರ್ಮಾಮೀಟರು 35.8 ತೋರಿಸಿತು. ಕೂಸಿನ ಮೈ 36.5ಕ್ಕಿಂತ ಕೆಳಗೆ ಇಳಿಯಬಾರದು.

‘ರಾತ್ರಿ ಹೊತ್ತು ಹಿಂಗೇ ಕೂತಿರ್ತೀನಕ್ಕ. ಕೆಳಗೆ ಮಲಗಿಸಿದ್ರೆ ತಣ್ಣಗಾಗುತ್ತೆ’ ಎಂದಳು ಹುಡುಗಿ. ಯಾರೂ ಹೇಳಿಕೊಡದಿದ್ದರೂ ಸರಿಯಾದದ್ದನ್ನೇ ಮಾಡುತ್ತಿದ್ದಳು. ಆದರೆ ಹನ್ನೊಂದು ರಾತ್ರಿ ಕೂತೇ ಕಳೆದ ಹಸಿಬಾಣಂತಿಯ ಎದೆಯಲ್ಲಿ ಹಾಲು ಎಷ್ಟು ಇಳಿದೀತು?

ಹಟ್ಟಿಯ ಹೆಸರನ್ನು ಬರೆಯುವುದಿಲ್ಲ. ವರ್ಷವನ್ನೂ ಹೇಳುವುದಿಲ್ಲ. ಗುರುತು ಹತ್ತದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ. ಆ ಹುಡುಗಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾನು ಓದಿದ ಸಮಾಜಕಾರ್ಯದ ತರಗತಿಯಲ್ಲಿ ಗೋಪ್ಯತೆ ಎಂಬುದು ಒಂದು ಅಧ್ಯಾಯ. ನಲವತ್ತು ಮನೆಯ ಹಟ್ಟಿಯಲ್ಲಿ ಅದು ಒಬ್ಬಳು ಸೊಸೆ ನಾಳೆ ಅತ್ತೆಯ ಮುಂದೆ ತಲೆ ಎತ್ತಿ ನಿಲ್ಲಬಲ್ಲಳೇ ಎಂಬ ಪ್ರಶ್ನೆ.

ಗುಡ್ಲ ಬಾಗಿಲಿಗೆ ಅಡ್ಡವಾಗಿ ಕಂಬಳಿ ಹಾಸಿತ್ತು. ಅದು ಅತ್ತೆಯದು. ರಾತ್ರಿಯಿಡೀ ಬೆಂಕಿ ಕಾಯುತ್ತ, ನಾಯಿ ನರಿ ಬರದಂತೆ ಅಲ್ಲೇ ಮಲಗುತ್ತಿದ್ದಳು. ಬಾಣಂತಿಯನ್ನು ಹಟ್ಟಿಯಾಚೆ ಇಡುವ ಈ ಪದ್ಧತಿಯ ಬಗ್ಗೆ ಬರೆಯುವವರು ಆ ಕಂಬಳಿಯನ್ನು ಸಾಮಾನ್ಯವಾಗಿ ನೋಡುವುದಿಲ್ಲ. ಸೊಸೆಯನ್ನು ಹೊರಗಿಟ್ಟವಳೂ ಅವಳೇ, ಸೊಸೆಗಾಗಿ ಚಳಿಯಲ್ಲಿ ಮಲಗಿದವಳೂ ಅವಳೇ. ತನ್ನ ನಾಲ್ಕೂ ಹೆರಿಗೆಯ ಬಾಣಂತನವನ್ನು ಅವಳೂ ಇಂಥ ಗುಡ್ಲಲ್ಲೇ ಕಳೆದಿದ್ದಳು. ನಾಲ್ಕರಲ್ಲಿ ಉಳಿದದ್ದು ಮೂರು.

ಹಟ್ಟಿಯ ಹಿರಿಯ, ಎಲ್ಲರ ಬಾಯಲ್ಲೂ ತಾತ, ಸ್ವಲ್ಪ ದೂರದಲ್ಲಿ ದೊಣ್ಣೆ ಊರಿಕೊಂಡು ಕೂತಿದ್ದರು. ‘ನಾವೇನು ಹಟಕ್ಕೆ ಬಿದ್ದು ಮಾಡ್ತಿಲ್ಲಮ್ಮ. ಒಳಗೆ ದೇವ್ರ ಗುಡಿ ಐತೆ. ಸೂತಕದಾಗೆ ಒಳಕ್ಕೆ ಬಂದ್ರೆ ಕುರಿ ಸಾಯ್ತವೆ, ಮಕ್ಕಳಿಗೆ ಕೇಡಾಗುತ್ತೆ’ ಎಂದರು. ಎಷ್ಟು ದಿನ ಎಂಬುದಕ್ಕೆ ಒಂದೊಂದು ಹಟ್ಟಿಗೆ ಒಂದೊಂದು ಲೆಕ್ಕ. ಇಲ್ಲಿ ಇನ್ನೂ ತಿಂಗಳ ಮೇಲಿತ್ತು.

ಕಾನೂನು ಏನು ಹೇಳುತ್ತದೆ ಎಂಬುದರಲ್ಲಿ ಗೊಂದಲವಿಲ್ಲ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಊರಾಚೆ ಇಡುವುದು ಅದರಲ್ಲಿ ಅಪರಾಧ. ಒಂದರಿಂದ ಏಳು ವರ್ಷ ಜೈಲು, ಐದು ಸಾವಿರದಿಂದ ಐವತ್ತು ಸಾವಿರದವರೆಗೆ ದಂಡ. ನನ್ನ ಫೋನಿನಲ್ಲಿ ಠಾಣೆಯ ನಂಬರಿತ್ತು. ಒತ್ತಿದ್ದರೆ ಅರ್ಧ ತಾಸಿನಲ್ಲಿ ಜೀಪು ಬರುತ್ತಿತ್ತು.

ಆದರೆ ನಾನು ತಾತನನ್ನು ಮೊದಲು ಕಂಡದ್ದು ಗುಡ್ಲ ಮುಂದಲ್ಲ, ಕಾವಲ್ ಹೋರಾಟದಲ್ಲಿ.

ಆ ಕಥೆ ನಮ್ಮ ಚಿತ್ರದುರ್ಗ ಜಿಲ್ಲೆಯವರಿಗೆ ಗೊತ್ತು, ಹೊರಗಿನವರಿಗಾಗಿ ನಾಲ್ಕು ಮಾತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಸೇನೆಯ ಬಂಡಿ, ತೋಪು ಎಳೆಯುವ ಆ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲ್‌ಗಳು. ಸೇನೆಗೆ ಎತ್ತು ಬೇಡವಾದ ಮೇಲೂ ಸುತ್ತಲ ಗೊಲ್ಲರು, ಮ್ಯಾಸನಾಯಕರು, ಕುರುಬರು ಆ ಹುಲ್ಲನ್ನೇ ನಂಬಿ ಕುರಿ ದನ ಸಾಕಿದರು. ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿಗೂ ಅದೇ ಬಯಲು. ಚಳ್ಳಕೆರೆಯಂಥ ಮಳೆ ಕಡಿಮೆಯ ಸೀಮೆಯಲ್ಲಿ ಶೇಂಗಾ ಕೈಕೊಟ್ಟ ವರ್ಷ ಕೈ ಹಿಡಿಯುವುದು ಕುರಿ. ಕುರಿಯನ್ನು ಹಿಡಿದು ನಿಲ್ಲಿಸುವುದು ಕಾವಲ್.

2008ರಿಂದ 2010ರ ನಡುವೆ ಉಳ್ಳಾರ್ತಿ, ಕುದಾಪುರ, ವರವು ಕಾವಲ್‌ಗಳ ಸುಮಾರು ಹತ್ತು ಸಾವಿರ ಎಕರೆ ಬೇರೆಯವರ ಪಾಲಾಯಿತು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573, ಸೌರವಿದ್ಯುತ್ತಿನ ಒಂದು ಖಾಸಗಿ ಕಂಪನಿಗೆ 1,250. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದಿತ್ತು, ಅದು ಗ್ರಾಮಸಭೆಯನ್ನು ಕೇಳಬೇಕು ಎನ್ನುತ್ತದೆ. ಗೋಡೆ, ಬೇಲಿ ಏಳತೊಡಗಿದಾಗಲೇ ಎಷ್ಟೋ ಹಳ್ಳಿಗೆ ವಿಷಯ ತಿಳಿದದ್ದು. ಅಮೃತ್ ಮಹಲ್ ಕಾವಲ್ ಹಿತರಕ್ಷಣಾ ಹೋರಾಟ ಸಮಿತಿ ಕಟ್ಟಿ ಜನ ಬೀದಿಗಿಳಿದರು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನ ಲಿಯೊ ಸಲ್ಡಾನಾ ಮತ್ತಿತರರು ಚೆನ್ನೈನ ಹಸಿರು ನ್ಯಾಯಪೀಠಕ್ಕೆ ಹೋದರು. 2014ರ ಆಗಸ್ಟಿನಲ್ಲಿ ತೀರ್ಪು ಬಂತು, ಅನುಮತಿಗಳ ವಿಚಾರದಲ್ಲಿ ಯೋಜನೆಗಳಿಗೆ ಷರತ್ತುಗಳು ಬಿದ್ದವು. ಭೂಮಿ ಮಾತ್ರ ಮರಳಲಿಲ್ಲ. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಉದ್ಘಾಟನೆಯೂ ಆಯಿತು.

ಆ ದಿನಗಳಲ್ಲಿ ತಾತ ಒಂದು ಮಾತನ್ನು ಸಭೆಯಿಂದ ಸಭೆಗೆ ಹೇಳುತ್ತಿದ್ದರು: ‘ನಮ್ಮನ್ನ ಯಾರು ಕೇಳಿದ್ರು?’ ಅರ್ಜಿ ಬರೆಯಲು, ಸರ್ವೆ ನಂಬರು ಹುಡುಕಲು ನಾನು ಅವರ ಪಕ್ಕ ಕೂತಿದ್ದೇನೆ. ಅವರು ತಂದ ರೊಟ್ಟಿ ತಿಂದಿದ್ದೇನೆ. ಅವರ ಆ ಪ್ರಶ್ನೆ ನ್ಯಾಯವಾದದ್ದು ಎಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಈಗ ಅದೇ ಮನುಷ್ಯನ ಮುಂದೆ, ಅವರ ಮೊಮ್ಮಗನ ಹೆಂಡತಿಯ ಗುಡ್ಲ ಬಳಿ ನಿಂತಿದ್ದೆ. ಜೀಪು ಬಂದರೆ ಮೊದಲು ಹತ್ತಬೇಕಾದವರು ಅವರೇ. ಕುರಿಗಾಹಿಗಳ ಪರ ಇಡೀ ಸೀಮೆಯಲ್ಲಿ ಎದೆಗೊಟ್ಟು ಮಾತಾಡಬಲ್ಲ ನಾಲ್ಕೈದು ಜನರಲ್ಲಿ ಒಬ್ಬರು. ‘ಇಂಥ ಮೂಢರಿಗೆ ಭೂಮಿಯ ಹಕ್ಕು ಬೇರೆ ಕೇಡು’ ಎನ್ನಲು ಕಾದಿದ್ದವರಿಗೆ ಮರುದಿನದ ಪತ್ರಿಕೆ ಸಾಕಾಗುತ್ತಿತ್ತು. ಈ ಎಲ್ಲ ಲೆಕ್ಕ ನನ್ನ ತಲೆಯಲ್ಲಿ ಓಡಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ತಕ್ಕಡಿಯ ಜೋಲಿಯಲ್ಲಿದ್ದ ಕೂಸಿಗೆ ಆ ಲೆಕ್ಕದಲ್ಲಿ ಯಾವ ಪಾಲೂ ಇರಲಿಲ್ಲ. ಹೋರಾಟ ಎಷ್ಟೇ ದೊಡ್ಡದಿರಲಿ, ಅದರ ಬೆಲೆಯನ್ನು ಹನ್ನೊಂದು ದಿನದ ಕೂಸಿನಿಂದ ವಸೂಲು ಮಾಡುವ ಹಕ್ಕು ನನಗಿಲ್ಲ. ಈ ಒಂದು ಮಾತು ನನ್ನಲ್ಲಿ ಗಟ್ಟಿಯಾದ ಮೇಲೆ ಉಳಿದದ್ದು ದಾರಿಯ ಪ್ರಶ್ನೆ ಮಾತ್ರ.

ಠಾಣೆಯ ನಂಬರು ಒತ್ತದಿರಲು ಕಾರಣ ತಾತನ ಮೇಲಿನ ಮರ್ಯಾದೆಯಲ್ಲ. ಅದಕ್ಕೆ ಹಲವು ವರ್ಷ ಮೊದಲು, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಹಟ್ಟಿಯಲ್ಲಿ ನಾನು ಅಧಿಕಾರಿಗಳನ್ನು ಕರೆದುಕೊಂಡು ಹೋಗಿದ್ದೆ. ಗುಡ್ಲು ಕಿತ್ತರು. ಬಾಣಂತಿಯನ್ನು ಮನೆಯೊಳಗೆ ಕೂರಿಸಿದರು. ಫೋಟೊ ಬಂತು. ನನಗೂ ಗೆದ್ದೆ ಎನ್ನಿಸಿತು. ಹದಿನೈದು ದಿನ ಬಿಟ್ಟು ಹೋದರೆ ಆಕೆ ಮನೆಯಲ್ಲಿರಲಿಲ್ಲ. ಯಾರೂ ಬಾಯಿ ಬಿಡಲಿಲ್ಲ. ಅರ್ಧ ಮೈಲಿ ಆಚೆ, ಹೊಲದ ಬದುವಿನಲ್ಲಿ, ಮೊದಲಿನದಕ್ಕಿಂತ ಚಿಕ್ಕದಾದ ಗುಡ್ಲು ಕಟ್ಟಿ ಅಲ್ಲಿಟ್ಟಿದ್ದರು. ರಸ್ತೆಯಿಂದ ಕಾಣದ ಜಾಗ. ಆಶಾಗೂ ಹೇಳಿರಲಿಲ್ಲ. ಆ ನಡುವೆ ಹಟ್ಟಿಯ ಎರಡು ಕುರಿ ಸತ್ತಿದ್ದವು, ಅದರ ಹೊಣೆಯೂ ಆಕೆಯ ತಲೆಗೆ ಬಂದಿತ್ತು. ಮುಂದಿನ ಎರಡು ವರ್ಷ ಆ ಹಟ್ಟಿಯಲ್ಲಿ ಯಾರು ಬಸುರಿ, ಯಾರು ಬಾಣಂತಿ ಎಂಬುದು ಆರೋಗ್ಯ ಇಲಾಖೆಯ ಪುಸ್ತಕಕ್ಕೆ ಸರಿಯಾಗಿ ಸಿಗಲಿಲ್ಲ. ತಪ್ಪು ನನ್ನದು. ಕಾನೂನಿನದಲ್ಲ, ನನ್ನದು. ನಾನು ಹೋದ ಮೇಲೆ ಅಲ್ಲಿ ಉಳಿಯುವವಳು ಆಕೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನೇಪಾಳದಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಮುಟ್ಟಾದವರನ್ನು ಮನೆಯಾಚೆ ಗುಡಿಸಲಲ್ಲಿಡುವ ಅಲ್ಲಿನ ಪಶ್ಚಿಮ ಬೆಟ್ಟಗಳ ‘ಛೌಪಡಿ’ಯನ್ನು ಸುಪ್ರೀಂ ಕೋರ್ಟ್ 2005ರಲ್ಲೇ ನಿಷೇಧಿಸಿತು, 2017ರ ಕಾನೂನು ಅದನ್ನು ಶಿಕ್ಷಾರ್ಹ ಮಾಡಿತು. 2019ರ ಕೊನೆಗೆ ಅಛಾಮ್ ಜಿಲ್ಲೆಯಲ್ಲಿ ಒಬ್ಬ ಹೆಣ್ಣುಮಗಳು ಗುಡಿಸಲಲ್ಲಿ ಸತ್ತ ಬಳಿಕ ಸಾವಿರಾರು ಗುಡಿಸಲು ಕೆಡವಿದರು. ಎಷ್ಟೋ ಕಡೆ ಹೆಂಗಸರು ಆಮೇಲೆ ದನದ ಕೊಟ್ಟಿಗೆಗಳಲ್ಲಿ, ಬಯಲಲ್ಲಿ ಮಲಗಿದರು. ಗೋಡೆ ಬಿದ್ದರೂ ಭಯ ಬಿದ್ದಿರಲಿಲ್ಲ.

ಹಾಗೆಂದು ಕಾನೂನೇ ಬೇಡ ಎನ್ನುವವಳು ನಾನಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರಾಚೆಯ ಗುಡಿಸಲಲ್ಲಿದ್ದ ಬಾಣಂತಿಯ ಕೂಸು ಮಳೆ, ಶೀತಕ್ಕೆ ಸಿಕ್ಕಿ ತೀರಿಕೊಂಡಿತು. ಆಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನ್ಯಾಯಾಧೀಶರೇ ಹಟ್ಟಿಗೆ ನಡೆದು ಬಂದರು. ಹಟ್ಟಿಯವರ ಜತೆ ಕೂತು ಮಾತಾಡಿದ್ದು ಕೂಡ ಕಾನೂನಿನ ಕೆಲಸವೇ. ಆ ಸಾವಿನ ನಂತರ ನಮ್ಮ ಕಡೆಯ ಹಟ್ಟಿಗಳಲ್ಲೂ ಹಿರಿಯರು ಮಾತಾಡುವ ಧಾಟಿ ತುಸು ಬದಲಾಯಿತು. ಕೇಸು ಹಾಕಬಹುದು ಎಂಬ ಸಾಧ್ಯತೆ ಬೆನ್ನಿಗಿರಬೇಕು. ಅದನ್ನು ಮೊದಲ ಮಾತಾಗಿಸಬೇಕೇ ಕೊನೆಯ ಮಾತಾಗಿಸಬೇಕೇ ಎಂಬುದು ಆ ರಾತ್ರಿ, ಆ ಬಾಗಿಲಲ್ಲಿ ನಿಂತವರೇ ತೀರ್ಮಾನಿಸಬೇಕಾದದ್ದು.

ಆ ಸಂಜೆ ಹುಡುಗಿಯನ್ನೇ ಕೇಳಿದೆ. ನಮ್ಮ ವೃತ್ತಿಯಲ್ಲಿ ವ್ಯಕ್ತಿಯ ಸ್ವನಿರ್ಣಯಕ್ಕೆ ದೊಡ್ಡ ಜಾಗವಿದೆ. 1957ರಲ್ಲಿ ಫೆಲಿಕ್ಸ್ ಬೀಸ್ಟೆಕ್ ಬರೆದ ಪುಸ್ತಕದಿಂದ ಹಿಡಿದು 2018ರಲ್ಲಿ ಸಮಾಜಕಾರ್ಯಕರ್ತರ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿದ ನೀತಿ ತತ್ವಗಳವರೆಗೂ ಅದು ಬರುತ್ತದೆ. ನಾನೂ ಓದಿ ಪರೀಕ್ಷೆ ಬರೆದವಳೇ. ‘ಒಳಗೆ ಹೋಗ್ತೀಯೇನಮ್ಮ?’ ಎಂದೆ. ‘ಬೇಡಕ್ಕ’ ಎಂದಳು. ಅಷ್ಟಕ್ಕೇ ನಿಲ್ಲಿಸಿ, ಅವಳ ಇಚ್ಛೆ ಎಂದು ಬರೆದುಕೊಂಡು ಬರಬಹುದಿತ್ತು. ಅತ್ತೆ ನೀರು ತರಲು ಎದ್ದಾಗ ಅವಳೇ ಮೆಲ್ಲಗೆ ಹೇಳಿದಳು: ‘ಒಳಗೆ ಹೋದ ಮೇಲೆ ಕೂಸಿಗೇನಾದ್ರೂ ಆದ್ರೆ ನಾನೇ ಕೊಂದೆ ಅಂತಾರಕ್ಕ. ಇಲ್ಲಿದ್ದು ಏನಾದ್ರೂ ಆದ್ರೆ ದೇವ್ರು ಮಾಡ್ದ ಅಂತಾರೆ.’

ಆ ‘ಬೇಡ’ದೊಳಗೆ ಏನಿತ್ತು ಎಂಬುದು ಆಗ ತಿಳಿಯಿತು. ಅವಳಿಗೆ ಬೇಕಾಗಿದ್ದದ್ದು ತನ್ನ ತಲೆಗೆ ಬಾರದ ದಾರಿ. ತೀರ್ಮಾನ ಬೇರೆ ಯಾರದ್ದೋ ಆಗಿರಬೇಕಿತ್ತು.

ಆ ದಾರಿ ಕಂಡದ್ದು ಆಶಾಗೆ, ನನಗಲ್ಲ. ಏಳನೇ ತರಗತಿಯವರೆಗೆ ಓದಿದ, ಪಕ್ಕದ ಊರಿನ ಹೆಂಗಸು. ಅವಳು ಮನೆಯ ಮಾತನ್ನೇ ಎತ್ತಲಿಲ್ಲ. ತಾತನ ಬಳಿ ಹೋಗಿ ತಕ್ಕಡಿ ತೋರಿಸಿದಳು. ‘ತಾತ, ಕೂಸು ಇಳೀತಾ ಐತೆ. ದುರ್ಗದ ದೊಡ್ಡಾಸ್ಪತ್ರೇಲಿ ಬೆಚ್ಚಗಿಡೋ ಪೆಟ್ಟಿಗೆ ಐತೆ. ಈ ರಾತ್ರೀನೇ ಹೋಗ್ಬೇಕು. ಆಸ್ಪತ್ರೆ ಅಂದ್ರೆ ಹಟ್ಟಿ ಹೊರಗೇ ತಾನೆ?’ ತಾತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹೊರಗೇ’ ಎಂದರು. 108ಕ್ಕೆ ಫೋನು ಮಾಡಿದೆವು. ಆಂಬುಲೆನ್ಸು ಬರುವವರೆಗೂ ಅತ್ತೆ ಕೂಸನ್ನು ಸೆರಗಿನೊಳಗೆ ಮೈಗೆ ಒತ್ತಿಕೊಂಡು ಬೆಂಕಿಯ ಮುಂದೆ ಕೂತಿದ್ದಳು. ತಾತ ಬೇಡ ಎಂದಿದ್ದರೆ ನಾನು ಠಾಣೆಗೆ ಫೋನು ಮಾಡುತ್ತಿದ್ದೆ. ಅದನ್ನು ಮೊದಲೇ ತೀರ್ಮಾನಿಸಿದ್ದೆ, ಆಶಾಗೂ ಕಿವಿಯಲ್ಲಿ ಹೇಳಿದ್ದೆ. ಜೀವಕ್ಕೆ ಅಪಾಯವಿರುವಾಗ ಸಂಧಾನಕ್ಕೆ ಗಡುವು ಇರಬೇಕು, ಆ ಗಡುವನ್ನು ಸಂಧಾನಕ್ಕೆ ಕೂರುವ ಮುಂಚೆಯೇ ಹಾಕಿಕೊಂಡಿರಬೇಕು. ಇಲ್ಲದಿದ್ದರೆ ಮಾತು ಬೆಳೆಯುತ್ತದೆ, ಕೂಸು ತಣ್ಣಗಾಗುತ್ತದೆ.

‘ನಿಮ್ಮನ್ನ ಯಾರು ಕೇಳಿದ್ರು ಅಂತೀರಲ್ಲ ತಾತ, ಇವಳನ್ನ ಯಾರು ಕೇಳಿದ್ರು?’ ಎಂಬ ಮಾತು ಅಂದು ನನ್ನ ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಹಟ್ಟಿಯ ಗಂಡಸರೆದುರು ಹಾಗಂದಿದ್ದರೆ ತಾತ ತಮ್ಮ ಮಾತಿಗೆ ಗಂಟು ಹಾಕಿಕೊಂಡು ಕೂರುತ್ತಿದ್ದರು, ಸೋಲುತ್ತಿದ್ದದ್ದು ಕೂಸು.

ಸಮಾಜಕಾರ್ಯದ ಶಿಕ್ಷಣ ನಮ್ಮಲ್ಲಿ ಹೊಸದಲ್ಲ. ಮುಂಬೈಯಲ್ಲಿ ಟಾಟಾ ಸಂಸ್ಥೆ ಶುರುವಾದದ್ದು 1936ರಲ್ಲಿ, ಮಂಗಳೂರಿನ ರೋಶನಿ ನಿಲಯ 1960ರಲ್ಲಿ. ಕಲಿತು ಬಂದ ಮಕ್ಕಳು ನನ್ನ ಜತೆ ಕ್ಷೇತ್ರಕಾರ್ಯಕ್ಕೆ ಬರುತ್ತಾರೆ. ಒಳ್ಳೆಯ ಮಕ್ಕಳು. ಹಟ್ಟಿಗೆ ಬಂದ ಮೊದಲ ದಿನ ಫೋನು ಎತ್ತಿ ಗುಡ್ಲ ಫೋಟೊ ಹೊಡೆಯುತ್ತಾರೆ. ಆಗ ನಾನು ಅವರಿಗೆ ಸಿರಿಯಜ್ಜಿಯ ವಿಷಯ ಹೇಳುತ್ತೇನೆ. ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟಿ ಗೊಲ್ಲರಹಟ್ಟಿಯ ಹೆಣ್ಣುಮಗಳು. ಅಕ್ಷರ ಕಲಿಯದೆ ಸಾವಿರಾರು ಹಾಡನ್ನು ಎದೆಯಲ್ಲಿಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರರು ಕೂತು ಕೇಳಿ ಬರೆದುಕೊಂಡರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ಹಟ್ಟಿಯೆಂದರೆ ಗುಡ್ಲೊಂದೇ ಎಂದು ಬಂದವರಿಗೆ ಹಟ್ಟಿ ಬಾಗಿಲು ತೆರೆಯುವುದಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಈ ಹಟ್ಟಿಗಳ ಕಾಡುಗೊಲ್ಲರು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ತಮ್ಮ ಬದುಕು ಪತ್ರಿಕೆಗೆ ಬರುವುದು ಕೂಸು ಸತ್ತಾಗ ಮಾತ್ರ ಎಂಬ ನೋವು ಅವರಿಗಿದೆ, ಅದು ಸುಳ್ಳಲ್ಲ.

ಇನ್ನೊಂದು ಪ್ರಶ್ನೆಯಲ್ಲಿ ನನ್ನ ಜತೆಗಾರರಿಗೂ ನನಗೂ ಇನ್ನೂ ಜಗಳ. ಸರ್ಕಾರ ಕೆಲವು ಹಟ್ಟಿಗಳ ಅಂಚಿನಲ್ಲಿ ‘ಕೃಷ್ಣ ಕುಟೀರ’ ಎಂದು ಕಟ್ಟಡ ಕಟ್ಟಿಸಿತು. ಮುಟ್ಟಾದವರು, ಬಾಣಂತಿಯರು ಗುಡ್ಲ ಬದಲು ಅಲ್ಲಿರಲಿ ಎಂದು. ಸಿಮೆಂಟಿನ ಗೋಡೆ, ಬಾಗಿಲಿಗೆ ಚಿಲಕ. ಹಾವು ಚೇಳಿನ ಭಯವಿಲ್ಲ, ಮಳೆಯ ಭಯವಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲೂ ಆದಿವಾಸಿಗಳ ಮುಟ್ಟಿನ ಗುಡಿಸಲುಗಳಾದ ‘ಕುರ್ಮಾ ಘರ್’ಗಳನ್ನು ಒಂದು ಸಂಸ್ಥೆ ಹಾಸಿಗೆ, ಶೌಚಾಲಯದ ಸಮೇತ ಹೊಸದಾಗಿ ಕಟ್ಟಿಕೊಟ್ಟಿದೆ. ಕಟ್ಟುವುದು ಸರಿ ಎನ್ನುವವರ ವಾದ ಹಗುರವಾದದ್ದಲ್ಲ: ಪದ್ಧತಿ ಹೋಗುವವರೆಗೆ ಬಾಣಂತಿ ಚಳಿಯಲ್ಲಿ ಕಾಯಬೇಕೇ?

ಬಹಳ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಹೊಸ ಕುಟೀರ ಬೇಡ ಎನ್ನುತ್ತೇನೆ. ಗುಡ್ಲು ಮಳೆಗೆ ಕರಗುತ್ತದೆ, ಪ್ರತಿ ಸಲ ಹೊಸದಾಗಿ ಕಟ್ಟಬೇಕು. ಕಟ್ಟುವಾಗ ಪ್ರತಿ ಸಲ ಯಾರಾದರೊಬ್ಬರು, ಒಬ್ಬ ಗಂಡ, ಒಬ್ಬ ತಮ್ಮ, ‘ಈ ಸಲ ಬೇಕಾ?’ ಎಂದು ಕೇಳುವ ಸಂದು ಇರುತ್ತದೆ. ಸಿಮೆಂಟು ಆ ಸಂದನ್ನೂ ಮುಚ್ಚಿಬಿಡುತ್ತದೆ. ‘ಸರ್ಕಾರವೇ ಕಟ್ಟಿಸೈತೆ, ಇನ್ನೇನು ತಪ್ಪು?’ ಎಂದು ಒಬ್ಬ ಹಿರಿಯರು ನನಗೆ ಮುಖಕ್ಕೇ ಕೇಳಿದ್ದಾರೆ. ಉತ್ತರ ಇರಲಿಲ್ಲ. ಆದರೆ ಈಗಾಗಲೇ ಇರುವ ಕಟ್ಟಡಕ್ಕೆ ಬೀಗ ಹಾಕಿ ಎಂದೂ ಹೇಳಲಾರೆ. ಇಂದು ರಾತ್ರಿ ಮಳೆ ಬಂದರೆ, ಗುಡ್ಲಿಗೂ ಕುಟೀರಕ್ಕೂ ನಡುವೆ ಬಾಣಂತಿಯನ್ನು ಕುಟೀರಕ್ಕೇ ಕಳಿಸುತ್ತೇನೆ. ಬೆಳಿಗ್ಗೆ ಎದ್ದು ಮನೆಯ ಮಾತನ್ನು ಮತ್ತೆ ಶುರು ಮಾಡುತ್ತೇನೆ.

ಕೂಸು ಒಂಬತ್ತು ದಿನ ಆಸ್ಪತ್ರೆಯಲ್ಲಿತ್ತು. ಆ ಒಂಬತ್ತು ದಿನದಲ್ಲಿ ನಾನು ಮೂರು ಸಲ ಹಟ್ಟಿಗೆ ಹೋದೆ. ತಾತನ ಜತೆ ಮಾತಾಡಿದ್ದು ಕಾವಲ್ ಕಾಗದದ ವಿಷಯ. ಹೆಂಗಸರ ಜತೆ ಮಾತಾಡಿದ್ದು ಕೂಸಿನ ವಿಷಯ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರ ಮಾಡಬಾರದೆಂದು ಎಚ್ಚರವಹಿಸಿದ್ದೆ. ಸೊಸೆಯನ್ನು ಒಳಗೆ ಬಿಟ್ಟರೆ ಮಾತ್ರ ಅರ್ಜಿ ಬರೆದುಕೊಡುತ್ತೇನೆ ಎನ್ನುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ಹುಲ್ಲಿನ ಹಕ್ಕು ಹಕ್ಕಾಗಿ ಉಳಿಯುತ್ತಿರಲಿಲ್ಲ, ನಾನು ಕೊಡುವ ಇನಾಮು ಆಗುತ್ತಿತ್ತು.

ಮೂರನೇ ಸಲ ಹೋದಾಗ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ತಾತ ಎಂದಿನಂತೆ ಗೋಡೆಯ ಕಥೆ ಎತ್ತಿ, ‘ನಮ್ಮನ್ನ ಯಾರು ಕೇಳಿದ್ರು’ ಎಂದರು. ಅತ್ತೆ ತಲೆ ಎತ್ತದೆಯೇ ಅಂದಳು: ‘ನನ್ನ ಮೂರನೇದು ಗುಡ್ಲಾಗೆ ಹೋತಲ್ಲ, ಆವತ್ತು ನನ್ನ ಯಾರು ಕೇಳಿದ್ರು ಮಾವ?’

ಮೂವತ್ತು ವರ್ಷದಲ್ಲಿ ಅವಳು ಆ ಮಾತನ್ನು ಆಡಿದ್ದು ಅದೇ ಮೊದಲು ಎಂದು ಆಮೇಲೆ ಆಶಾ ಹೇಳಿದಳು. ತಾತ ಏನೂ ಅನ್ನಲಿಲ್ಲ. ದೊಣ್ಣೆ ಎತ್ತಿಕೊಂಡು ಕುರಿಯತ್ತ ಹೋದರು.

ತಾಯಿ ಮಗು ಮರಳಿದ್ದು ಒಂದು ಮಧ್ಯಾಹ್ನ. ಗುಡ್ಲಿಗಲ್ಲ. ಹಾಗೆಂದು ಪೂರ್ತಿ ಮನೆಯೊಳಕ್ಕೂ ಅಲ್ಲ. ಬೇಲಿಯ ಒಳಗೆ, ಮನೆಯ ಹಿಂಬದಿಗೆ, ಮೇವು ಇಡುತ್ತಿದ್ದ ಕೋಣೆಯನ್ನು ಅತ್ತೆ ಸಾರಿಸಿ, ಹಿತ್ತಲ ಕಡೆಗೆ ಬಾಗಿಲು ಮಾಡಿಸಿದ್ದಳು. ದೇವರ ಗುಡಿಯ ದಾರಿಗೆ ಬೆನ್ನು ಹಾಕಿದ ಬಾಗಿಲು. ಇಷ್ಟಕ್ಕೇ ಒಪ್ಪಿದೆಯಾ ಎಂದು ಜತೆಗಾರರು ನನ್ನನ್ನು ಕೇಳಿದರು. ಒಪ್ಪಿದೆ. ಆ ಕೋಣೆಯಲ್ಲಿ ಬೆಚ್ಚಗಿತ್ತು, ನೆಲದ ಮೇಲೆ ಮಲಗಲು ಜಾಗವಿತ್ತು, ಮತ್ತು ಆ ಬಾಗಿಲನ್ನು ಮಾಡಿಸಿದ್ದು ಆ ಮನೆಯ ಹೆಂಗಸು.

ಇಪ್ಪತ್ತೆಂಟನೇ ದಿನ ಆಶಾ ತಕ್ಕಡಿ ತಂದಳು. ಕೋಣೆಯ ಸೂರು ತಗ್ಗು, ನೇತುಹಾಕಲು ಕೊಕ್ಕೆ ಇರಲಿಲ್ಲ, ಅವಳ ಕೈ ನಡುಗುತ್ತಿತ್ತು. ತಾತ ಬಾಗಿಲ ಹೊರಗೇ ನಿಂತಿದ್ದರು. ‘ಕೊಡಮ್ಮ ಇಲ್ಲಿ’ ಎಂದು ಕೈಚಾಚಿ ತಕ್ಕಡಿಯ ಮೇಲಿನ ಬಳೆಯನ್ನು ಹಿಡಿದು ಎತ್ತಿದರು. ಕೂಸು ಜೋಲಿಯಲ್ಲಿ ಕಾಲು ಒದೆಯಿತು. ಮುಳ್ಳು ನಿಲ್ಲುವವರೆಗೂ ಅವರು ಕೈ ಅಲುಗಿಸಲಿಲ್ಲ. ‘2 ಕೆ.ಜಿ. 800’ ಎಂದು ಆಶಾ ಬರೆದುಕೊಂಡಳು. ತಾತ ತಕ್ಕಡಿ ಇಳಿಸಿ, ಮಾತಿಲ್ಲದೆ ತೊಟ್ಟಿಯ ಬಳಿ ಹೋಗಿ ತಲೆಯ ಮೇಲೆ ಎರಡು ಚೊಂಬು ನೀರು ಸುರಿದುಕೊಂಡರು.